ರೆಕ್ಕೆಯಡಿಯ ಬಣ್ಣ

"ಬಣ್ಣ ನೋಡಿ ತಗೊಳ್ಳೋದಾದ್ರೆ ಇದಕ್ಕಿಂತ ಚೆಂದದ್ದು ಸಿಗಲ್ಲ ಬಿಡು," ಎಂದ ಹರ್ಷೆಲ್, ಡೋನಟ್ಟಿನ ಸಕ್ಕರೆ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. "ನಮ್ಮ ಮಾರ್ಲಿಸ್‌ಗೆ ಬಣ್ಣದ ವಿಷ್ಯ ಯಾರೂ ಹೇಳ್ಕೊಡ್ಬೇಕಾಗಿಲ್ಲ."

ಉಳಿದ ಇಬ್ಬರು ನಕ್ಕರು. ಜೋರಾಗಿ ಅಲ್ಲ. ಮಾರ್ಲಿಸ್ ಎದುರಿಗಿದ್ದರೆ ಅವರ ನಗು ಅರ್ಧಕ್ಕೆ ಇಳಿಯುತ್ತಿತ್ತು. ಗಂಡ ಸತ್ತವಳ ಮುಂದೆ ಎಷ್ಟು ನಗಬಹುದು ಎಂಬುದಕ್ಕೆ ಅವರಲ್ಲೊಂದು ಅಳತೆ ಇತ್ತು. ಎರಡು ವರ್ಷದಿಂದ ಅದೇ ಅಳತೆ.

ಶನಿವಾರ ಬೆಳಗಿನ ಒಂಬತ್ತು ಗಂಟೆ. ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತ ಈ ಮೂವರು ಮುದುಕರಲ್ಲಿ ಇಬ್ಬರು ತಮ್ಮ ವಿಮಾನ ಮಾರಿ ಹತ್ತು ವರ್ಷದ ಮೇಲಾಗಿತ್ತು. ಮೂರನೆಯವನಿಗೆ ವಿಮಾನ ಇದ್ದದ್ದೇ ಸುಳ್ಳು ಎಂದು ಮೊದಲಿನಿಬ್ಬರು ಅವನ ಬೆನ್ನ ಹಿಂದೆ ಹೇಳುತ್ತಿದ್ದರು. ಆದರೂ ಎದುರಿನ ರನ್‌ವೇ ಮೇಲೆ ಇಳಿಯುವ ಪ್ರತಿಯೊಬ್ಬರಿಗೂ ಅವರು ಅಂಕ ಕೊಡುತ್ತಿದ್ದರು. ಚಕ್ರ ನೆಲ ಮುಟ್ಟಿ ಒಮ್ಮೆ ಪುಟಿದರೆ ಹರ್ಷೆಲ್ ಕಾಫಿ ಲೋಟ ಎತ್ತಿ, "ಮೊದಲನೆಯದನ್ನ ಲೆಕ್ಕಕ್ಕೆ ತಗೊಳ್ಳೋಣ್ವಾ, ಎರಡನೆಯದನ್ನಾ?" ಎನ್ನುತ್ತಿದ್ದ. ಮಾರ್ಲಿಸ್ ಪುಟಿದರೆ ಮಾತ್ರ, "ಪರವಾಗಿಲ್ಲ, ಚೆನ್ನಾಗಿತ್ತು," ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಅವನ ಕಾಫಿಗೆ ಟರ್ಪೆಂಟೈನ್ ಸುರಿಯಬೇಕೆನಿಸುತ್ತಿತ್ತು.

ವಿಮಾನವನ್ನು ಬಿಸಿಲಿಗೆ ಎಳೆದು ನಿಲ್ಲಿಸಲಾಗಿತ್ತು. ಎರಡು ಸೀಟಿನದು, ರೆಕ್ಕೆ ತಲೆಯ ಮೇಲೆ, ಬಿಳಿ ಮೈಗೆ ಕೆಂಪು ಪಟ್ಟಿ. ಡೆಲ್ಮರ್ ಒದ್ದೆ ಬಟ್ಟೆ ಹಿಡಿದು ಅದರ ಗಾಜು ಒರೆಸುತ್ತಿದ್ದ. ಎಪ್ಪತ್ತಮೂರು ವರ್ಷದ ಡೆಲ್ಮರ್ ಪ್ರೌಟಿ ಈ ಊರಿನಲ್ಲಿ ಹಾರುವುದನ್ನು ಕಲಿಸುವ ಒಬ್ಬನೇ ಮೇಷ್ಟ್ರು. ಅವನಿಗಿದ್ದದ್ದು ಇದೊಂದೇ ವಿಮಾನ. ಬರುವ ಸೆಪ್ಟೆಂಬರಿನಲ್ಲಿ ಎಲ್ಲ ಮಾರಿ ಅರಿಜೋನಾಕ್ಕೆ ಹೊರಡುವವನಿದ್ದ. ಅಲ್ಲಿ ಅವನ ಹೆಂಡತಿಯ ತಂಗಿಯ ಮನೆಯ ಹಿಂದೆ ಈಜುಕೊಳ ಇತ್ತಂತೆ.

"ನಿನ್ನ ವಿಮಾನ ಇದು ಕಣಮ್ಮಾ," ಎಂದ ಡೆಲ್ಮರ್. "ಇದ್ರಲ್ಲೇ ಕಲ್ತಿದೀಯ. ಇದಕ್ಕೆ ನಿನ್ನ ಕೈ ಗೊತ್ತು, ನಿನಗೆ ಇದರ ಕೈ ಗೊತ್ತು. ಇನ್ನೊಂದನ್ನ ಹುಡುಕೋದು ಯಾಕೆ?"

"ಒಂದನ್ನೇ ನೋಡಿ ತಗೊಳ್ಳೋದು ಹೇಗೆ? ಇನ್ನೊಂದು ನೋಡ್ಬಿಟ್ಟು ಬರ್ತೀನಿ," ಎಂದಳು ಮಾರ್ಲಿಸ್. "ಎಮಿಲ್ ಸ್ವೊಬೊಡಾ ಅವರ ಹತ್ರ ಒಂದಿದೆಯಂತೆ."

ಈ ಸಲ ನಗು ಪೂರ್ತಿ ಬಂತು.

"ಆ ಹಳದಿ ಡಬ್ಬಾನಾ?" ಹರ್ಷೆಲ್ ಎಂದ. "ಹೋಗು ಹೋಗು. ಮೂಗು ಮುಚ್ಕೊಂಡು ಹೋಗು. ವಿಮಾನಕ್ಕಲ್ಲ, ಎಮಿಲ್‌ಗೆ."

"ಹನ್ನೆರಡರ ಹೊತ್ತಿಗೆ ಬಂದ್ಬಿಡು. ಕಾಯ್ತಿರ್ತೀವಿ," ಎಂದ ಡೆಲ್ಮರ್. ಅವಳ ಹೆಗಲು ತಟ್ಟಿದ. ಮತ್ತೆ ಗಾಜಿನ ಕಡೆ ತಿರುಗಿದ.

ಡೆಲ್ಮರ್ ಹೆಗಲು ತಟ್ಟಿದರೆ ಅವಳು ಸಹಿಸುತ್ತಿದ್ದಳು. ಅದಕ್ಕೆ ಕಾರಣವಿತ್ತು. ಗಂಡ ಲೈಲ್ ಸತ್ತಾಗ ಊರಿನವರೆಲ್ಲ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯ ತಟ್ಟೆ ಹಿಡಿದು ಬಂದರು. ಒಂದೇ ವಾರದಲ್ಲಿ ಹನ್ನೊಂದು ತಟ್ಟೆ. ಎರಡನೆಯ ವಾರ ತಟ್ಟೆ ವಾಪಸು ಕೇಳಲು ಬಂದರು. ನಾಲ್ಕನೆಯ ವಾರ ಬಂದವನು ಡೆಲ್ಮರ್ ಒಬ್ಬನೇ. ಬರಿಗೈಯಲ್ಲಿ ಬಂದಿದ್ದ. "ನದಿ ಮೇಲೆ ಒಂದು ಸುತ್ತು ಹೋಗ್ಬರೋಣ, ಜಾಕೆಟ್ ಹಾಕ್ಕೊ," ಎಂದಿದ್ದ. ಮೇಲಿನಿಂದ ನೋಡಿದರೆ ಊರಿನ ಧಾನ್ಯ ತುಂಬಿಡುವ ಗೋಪುರ ಉಪ್ಪಿನ ಡಬ್ಬಿಯಷ್ಟು ಚಿಕ್ಕದಾಗಿತ್ತು. ಅಲ್ಲಿ ಏನಾದರೂ ಆಗಬಹುದೆಂದು ನಂಬುವುದೇ ಕಷ್ಟವಿತ್ತು. ಮರುದಿನ ಅವಳು ಪಾಠಕ್ಕೆ ಹೆಸರು ಬರೆಸಿದಳು.

ಆ ಗೋಪುರದೊಳಗೆ ಮೆಕ್ಕೆಜೋಳ ಕುಸಿದು ಲೈಲ್‌ನನ್ನು ನುಂಗಿದ ದಿನದ ಸುರಕ್ಷತಾ ತಪಾಸಣೆಯ ಹಾಳೆಯಲ್ಲಿ ಎಲ್ಲ ಚೌಕಗಳಿಗೂ ಗುರುತು ಬಿದ್ದಿತ್ತು. ಕೆಳಗೆ ಸಹಿಯೂ ಇತ್ತು. ಆ ಹಾಳೆಯ ಪ್ರತಿ ಅವಳ ಅಡುಗೆಮನೆಯ ಡ್ರಾಯರಿನಲ್ಲಿ, ಚಮಚಗಳ ಕೆಳಗೆ ಇದೆ.

ಮನೆಗಳಿಗೆ ಬಣ್ಣ ಬಳಿದು ಬದುಕುವವಳು ಅವಳು. ಹನ್ನೊಂದು ಬೇಸಿಗೆ ಏಣಿಯ ಮೇಲೆ ನಿಂತು ಗಳಿಸಿದ ದುಡ್ಡು ಇತ್ತು, ಲೈಲ್‌ನ ಟ್ರಕ್ಕು ಮಾರಿದ್ದು ಇತ್ತು. ಎರಡೂ ಸೇರಿದರೆ ಒಂದು ಹಳೆಯ ವಿಮಾನ ಬರುತ್ತಿತ್ತು. ಎರಡನೆಯ ಸಲಕ್ಕೆ ಏನೂ ಉಳಿಯುತ್ತಿರಲಿಲ್ಲ. ಲೈಸೆನ್ಸಿಗೆ ಇನ್ನೂ ಅರ್ಧ ದಾರಿ ಇತ್ತು. ಎಪ್ಪತ್ತು ಮೈಲಿ ಆಚೆ ಒಬ್ಬ ಹೆಂಗಸು ಕಲಿಸುವುದಕ್ಕೆ ಒಪ್ಪಿದ್ದಳು; ಆದರೆ ಅವಳ ಬಳಿ ವಿಮಾನ ಇರಲಿಲ್ಲ. "ನಿಂದು ತಗೊಂಡ್ಬಾ, ಕಲಿಸ್ತೀನಿ," ಎಂದಿದ್ದಳು. ವಿಮಾನ ಇಲ್ಲದಿದ್ದರೆ ಮಾರ್ಲಿಸ್ ಮತ್ತೆ ಏಣಿಗೆ, ನೆಲಕ್ಕೆ, ತಟ್ಟೆ ಹಿಡಿದು ಬರುವವರ ಊರಿಗೆ.

ಸ್ವೊಬೊಡಾನ ಜಾಗ ಉತ್ತರಕ್ಕೆ ನಲವತ್ತು ಮೈಲಿ. ಕೊನೆಯ ಹತ್ತು ಮೈಲಿ ಜಲ್ಲಿ ರಸ್ತೆ. ಹೊಲಗಳಿಗೆ ಔಷಧಿ ಸಿಂಪಡಿಸುವ ದೊಡ್ಡ ವಿಮಾನವೊಂದು ಹೊರಗೆ ನಿಂತಿತ್ತು. ಶೆಡ್ಡಿನಲ್ಲೆಲ್ಲ ಆ ಔಷಧಿಯ ಘಾಟು. ಎಮಿಲ್ ಸ್ವೊಬೊಡಾ ಡ್ರಮ್ಮಿನ ಮೇಲೆ ಕೂತು ಡಬ್ಬಿಯಿಂದ ಮೀನು ತಿನ್ನುತ್ತಿದ್ದ. ಅವಳು ತನ್ನ ಕೆಲಸದ ಟ್ರಕ್ಕಿನಿಂದ ಇಳಿದು ಹತ್ತಿರ ಬರುವವರೆಗೂ ತಲೆ ಎತ್ತಲಿಲ್ಲ.

"ಡೆಲ್ಮರ್ ಶಿಷ್ಯೆ ಅಲ್ವಾ ನೀನು?"

"ಹೌದು."

"ಅಂದ್ರೆ ಏನೂ ಗೊತ್ತಿಲ್ಲ ಅಂತಾಯ್ತು." ಬಿಸ್ಕತ್ತಿನಿಂದ ಡಬ್ಬಿಯ ಎಣ್ಣೆ ಬಳಿದು ಬಾಯಿಗಿಟ್ಟ. "ಅಲ್ಲಿದೆ. ನೋಡ್ಕೋ."

ವಿಮಾನ ಶೆಡ್ಡಿನ ಮೂಲೆಯಲ್ಲಿತ್ತು. ನಾಲ್ಕು ಸೀಟಿನದು, ರೆಕ್ಕೆ ಕೆಳಗೆ, ಮೊಣಕಾಲಿನ ಎತ್ತರಕ್ಕೆ. ಒಂದು ಕಾಲದಲ್ಲಿ ಹಳದಿ ಇದ್ದಿರಬೇಕು. ಈಗ ಅದಕ್ಕೆ ಬಾಟಲಿಯ ತಳದಲ್ಲಿ ಒಣಗಿ ಉಳಿದ ಸಾಸಿವೆ ಸಾಸಿನ ಬಣ್ಣ. ಮೂಗಿನ ಮೇಲೆ ಬೇರೆ ಹಳದಿ, ಬಾಲದಲ್ಲಿ ಇನ್ನೊಂದು ಹಳದಿ. ಯಾರೋ ಬ್ರಷ್ಷಿನಲ್ಲಿ ಬಳಿದಿದ್ದರು, ಅದೂ ಕೆಟ್ಟದಾಗಿ. ಇದನ್ನು ಬಳಿದವನನ್ನು ತಾನು ಒಂದು ದಿನವೂ ಕೆಲಸಕ್ಕಿಟ್ಟುಕೊಳ್ಳುತ್ತಿರಲಿಲ್ಲ ಎಂದುಕೊಂಡಳು ಮಾರ್ಲಿಸ್.

"ಎಂಜಿನ್ ಎಷ್ಟು ಗಂಟೆ ಓಡಿದೆ?" ಎಂದು ಕೇಳಿದಳು.

"ಪುಸ್ತಕ ಓದ್ಕೊಂಡು ಬಂದಿದೀಯ." ಅವನು ಎದ್ದು ಬಂದ. ಕುಳ್ಳ, ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. "ಎಲ್ಲರೂ ಅದನ್ನೇ ಕೇಳ್ತಾರೆ. ಗಂಟೆ ಕೇಳ್ತಾರೆ, ರೇಡಿಯೋ ಯಾವುದು ಕೇಳ್ತಾರೆ, ಸೀಟಿನ ಮೇಲೆ ಕೂತು ಕುಲುಕಿ ನೋಡ್ತಾರೆ. ಸೋಫಾ ತಗೊಳ್ಳೋಕೆ ಬಂದೋರ ಥರ. ಕೆಳಗೆ ಹೋಗಿ ನೋಡ್ತೀನಿ ಅಂದೋನು ಒಬ್ಬನೂ ಇಲ್ಲ."

"ಕೆಳಗೆ ಏನಿದೆ?"

ಅವನು ಅವಳನ್ನು ದಿಟ್ಟಿಸಿದ. "ಎರಡು ವರ್ಷ ಕಲ್ತಿದೀಯ, ಅಲ್ವಾ? ಎರಡು ವರ್ಷದಲ್ಲಿ ಅವನು ನಿನಗೆ ಕಲಿಸಿದ್ದೇನು, ಟೋಪಿ ಹಾಕ್ಕೊಳ್ಳೋದಾ?"

ಈ ಎರಡು ವರ್ಷಗಳಲ್ಲಿ ಅವಳೊಡನೆ ಯಾರೂ ಹೀಗೆ ಮಾತಾಡಿರಲಿಲ್ಲ. ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ. ತುಂಬ ದಿನ ಮುಚ್ಚಿಟ್ಟ ಕೋಣೆಗೆ ಗಾಳಿ ಬಂದಂತಿತ್ತು.

ಅವನು ಚಕ್ರವಿದ್ದ ಹಲಗೆಯೊಂದನ್ನು ಕಾಲಿನಲ್ಲಿ ಅವಳ ಕಡೆ ನೂಕಿದ. ಅವಳು ಅದರ ಮೇಲೆ ಬೆನ್ನು ಕೊಟ್ಟು ರೆಕ್ಕೆಯ ಕೆಳಗೆ ಸರಿದಳು. ಅವನು ಟಾರ್ಚು ಕೊಟ್ಟ. ತಲೆಯ ಮೇಲೆ ಒಂದು ಗೇಣು ಅಂತರದಲ್ಲಿ ಹಳದಿ ತಗಡು. ಅದರಲ್ಲಿ ಸಾಲಾಗಿ ಅಂಗೈಯಗಲದ ಮುಚ್ಚಳಗಳು, ಪ್ರತಿಯೊಂದಕ್ಕೂ ಸುತ್ತ ಸ್ಕ್ರೂಗಳು.

"ಒಳಗೆ ಹಗ್ಗಗಳಿವೆ, ಉಕ್ಕಿನ ಹಗ್ಗ. ನೀನು ಮೇಲೆ ಕೈ ತಿರುಗಿಸಿದ್ರೆ ರೆಕ್ಕೆ ತುದಿ ತಿರುಗೋದು ಅವುಗಳಿಂದ," ಎಂದಿತು ಮೇಲಿನಿಂದ ಸ್ವೊಬೊಡಾನ ದನಿ. ಅವಳಿಗೆ ಅವನ ಬೂಟು ಮಾತ್ರ ಕಾಣುತ್ತಿತ್ತು. "ವರ್ಷಕ್ಕೊಂದ್ಸಲ ಪ್ರತಿ ಮುಚ್ಚಳ ಬಿಚ್ಚಬೇಕು. ಒಳಗೆ ಬೆಳಕು ಬಿಟ್ಟು ನೋಡ್ಬೇಕು. ತುಕ್ಕು ಇದ್ಯಾ, ಹಗ್ಗ ಸವೆದಿದ್ಯಾ, ಇಲಿ ಸಂಸಾರ ಮಾಡಿದ್ಯಾ. ಆಮೇಲೆ ಮುಚ್ಚಿ ಸಹಿ ಹಾಕ್ಬೇಕು."

"ಎಲ್ಲ ಮುಚ್ಚಳಾನೂ? ಪ್ರತಿ ವರ್ಷನಾ?"

"ಇಲ್ಲ, ಕತ್ತೆಗೆ ಕೊಂಬು ಬಂದ ವರ್ಷ." ಬೂಟು ನೆಲ ಕೆರೆಯಿತು. "ಪ್ರತಿ ವರ್ಷ ಕಣೇ."

ಟಾರ್ಚಿನ ಬೆಳಕಿನಲ್ಲಿ ಅವಳು ಸ್ಕ್ರೂಗಳನ್ನು ನೋಡುತ್ತಿದ್ದಳು. ಪ್ರತಿ ಸ್ಕ್ರೂವಿನ ಸುತ್ತ ಬಣ್ಣ ಸವೆದು ಬರಿಯ ತಗಡು ಉಂಗುರದ ಹಾಗೆ ಹೊಳೆಯುತ್ತಿತ್ತು. ತಲೆಯ ಸೀಳುಗಳು ಸ್ವಚ್ಛವಾಗಿದ್ದವು. ಹಳೆಯ ಮನೆಗಳ ಬಾಗಿಲ ಚಿಲಕದ ಸುತ್ತ ಹೀಗೆಯೇ ಇರುತ್ತದೆ. ಎಷ್ಟು ಸಲ ಬಳಿದರೂ ಅಲ್ಲಿ ಬಣ್ಣ ನಿಲ್ಲುವುದಿಲ್ಲ, ಕೈ ಆಡುತ್ತಲೇ ಇರುವುದರಿಂದ.

ಅವಳು ಆ ಉಂಗುರಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಲಗೆಯ ಚಕ್ರ ಅಲುಗಲಿಲ್ಲ.

"ನಿದ್ದೆ ಬಂತಾ?" ಎಂದ ಸ್ವೊಬೊಡಾ.

ಹೊರಗೆ ಬಂದಾಗ ಅವನು ಬೂಟಿನ ಪೆಟ್ಟಿಗೆಯೊಂದನ್ನು ಬೆಂಚಿನ ಮೇಲಿಟ್ಟಿದ್ದ. ಒಳಗೆ ವಿಮಾನದ ದಾಖಲೆ ಪುಸ್ತಕಗಳು, ಮೂಲೆಗಳು ಎಣ್ಣೆ ಕುಡಿದು ಕಪ್ಪಾಗಿದ್ದವು. ಅವಳು ನಡುವಿನ ಪುಟವೊಂದನ್ನು ತೆರೆದಳು. 'ಎಡ ರೆಕ್ಕೆ, ಮೂರನೇ ಮುಚ್ಚಳದ ಒಳಗೆ ಕಣಜದ ಗೂಡು. ತೆಗೆದೆ. ಕಚ್ಚಿತು.' ಮುಂದಿನ ವರ್ಷ, 'ಎಡ ರೆಕ್ಕೆ, ಮೂರನೇ ಮುಚ್ಚಳ. ಮತ್ತೆ ಕಣಜ. ಮತ್ತೆ ಕಚ್ಚಿತು.' ಅದರ ಮುಂದಿನ ವರ್ಷ, 'ಕಣಜ ಇಲ್ಲ. ಬಲ ರೆಕ್ಕೆಯ ಹಗ್ಗ ಬದಲಿಸಿದೆ, ಎರಡು ಎಳೆ ಹೋಗಿತ್ತು.'

"ಡೆಲ್ಮರ್ ಪುಸ್ತಕ ಚರ್ಮದ ರಟ್ಟಿಂದು," ಎಂದಳು. ಅದನ್ನು ಯಾಕೆ ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ.

"ಇರುತ್ತೆ. ಚಿನ್ನದ ಅಕ್ಷರ ಬೇರೆ ಇರ್ಬೇಕು."

ಇತ್ತು.

"ಇದನ್ನ ಇವತ್ತು ನನಗೆ ಕೊಡ್ತೀರಾ?"

"ಕೊಡಲ್ಲ." ಪೆಟ್ಟಿಗೆಯ ಮುಚ್ಚಳ ಹಾಕಿದ. "ಅದನ್ನ ಬಿಟ್ಟು ಇದಕ್ಕೆ ಬರ್ತಿರೋದು ಯಾಕೆ ಅಂತ ನಿನಗೇ ಗೊತ್ತಿಲ್ಲ. ನನ್ನ ಮಾತು ಕೇಳಿ ಬರೋಳು ನಾಳೆ ಇನ್ನೊಬ್ಬನ ಮಾತು ಕೇಳಿ ಹೋಗ್ತಾಳೆ. ಮೊದಲು ಹೋಗಿ ಅದರ ಕೆಳಗೆ ನಿಂತ್ಕೊಂಡು ಕತ್ತೆತ್ತಿ ನೋಡು. ಆಮೇಲೆ ಬಾ. ಇಲ್ಲಾಂದ್ರೆ ಬರ್ಬೇಡ. ನನಗೇನು, ಅದು ಹುಲ್ಲು ತಿನ್ನಲ್ಲ, ನೀರು ಕುಡಿಯಲ್ಲ. ಇರುತ್ತೆ ಬಿದ್ದು."

ಬರುವಾಗ ಜಲ್ಲಿ ರಸ್ತೆಯಲ್ಲಿ ಅವಳು ಟ್ರಕ್ಕನ್ನು ನಿಧಾನವಾಗಿ ಓಡಿಸಿದಳು. ನೆನಪು ಮಾಡಿಕೊಳ್ಳುವ ಅಗತ್ಯವಿರಲಿಲ್ಲ. ಆ ಕೆಂಪು ಪಟ್ಟಿ, ಆ ಬಿಳಿ, ಎಲ್ಲ ಆರು ವರ್ಷದ ಹಿಂದಿನದು. ಡೆಲ್ಮರ್ ನೂರು ಸಲ ಹೇಳಿದ್ದ, "ನನ್ನ ಸೊಂಟದ ಆಪರೇಷನ್ ಆದ ವರ್ಷ ಇದಕ್ಕೂ ಹೊಸ ಬಣ್ಣ ಹಾಕ್ಸಿದೆ, ಇಬ್ಬರೂ ಒಟ್ಟಿಗೆ ಹೊಸಬರಾದ್ವಿ," ಅಂತ. ಆರು ವರ್ಷ, ಆರು ತಪಾಸಣೆ. ಪ್ರತಿ ಏಪ್ರಿಲ್‌ನಲ್ಲಿ ಪಕ್ಕದ ಜಿಲ್ಲೆಯಿಂದ ಡೆಲ್ಮರನ ಗೆಳೆಯ ಫ್ರಿಟ್ಜ್ ಎಂಬ ಮೆಕ್ಯಾನಿಕ್ ಬರುತ್ತಿದ್ದ. ಬೆಳಿಗ್ಗೆ ಹತ್ತಕ್ಕೆ ಬಂದು, ಮಧ್ಯಾಹ್ನ ಇಬ್ಬರೂ ಕೆಫೆಯಲ್ಲಿ ಹುರಿದ ಮಾಂಸದ ತುಂಡು ತಿಂದು, ಎರಡಕ್ಕೆ ಹೋಗುತ್ತಿದ್ದ. ಇಷ್ಟು ಬೇಗ ಮುಗಿಸುವ ಮೆಕ್ಯಾನಿಕ್ ಇಡೀ ರಾಜ್ಯದಲ್ಲಿ ಇಲ್ಲ ಎಂದು ಡೆಲ್ಮರ್ ಹೆಮ್ಮೆಪಡುತ್ತಿದ್ದ.

ಬಣ್ಣ ಬಳಿದ ಮೇಲೆ ಒಮ್ಮೆಯೂ ತೆರೆಯದ ಕಿಟಕಿಯನ್ನು ಅವಳು ರಸ್ತೆಯಲ್ಲಿ ನಿಂತೇ ಗುರುತಿಸಬಲ್ಲಳು. ಅದು ಅವಳ ಅನ್ನದ ವಿದ್ಯೆ.

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಮಡಚುವ ಮೇಜಿನ ಮೇಲೆ ಒಂದು ಕೇಕ್ ಬಂದಿತ್ತು. ದಿನಸಿ ಅಂಗಡಿಯದು, ನೀಲಿ ಕ್ರೀಮಿನಲ್ಲಿ 'ಅಭಿನಂದನೆ ಮಾರ್ಲಿಸ್' ಎಂದು ಬರೆಸಿದ್ದರು. ಪಕ್ಕದಲ್ಲಿ ವಿಮಾನದ ಚಿತ್ರ. ಅದಕ್ಕೆ ನಾಲ್ಕು ಎಂಜಿನ್‌ಗಳಿದ್ದವು.

"ನೋಡಿದ್ಯಾ ಆ ಡಬ್ಬಾ?" ಎಂದ ಹರ್ಷೆಲ್. "ಎಮಿಲ್ ಬೈದ್ನಾ? ಬೈದೇ ಇರ್ತಾನೆ. ಅವನ ಹೆಂಡ್ತಿ ಬಿಟ್ಟು ಹೋಗಿದ್ದು ಸುಮ್ನೇನಾ."

ಮಾರ್ಲಿಸ್ ಕೇಕನ್ನು ನೋಡಿದಳು, ಅವರನ್ನು ನೋಡಿದಳು. ಇದಕ್ಕೆ ಬರೆಸಲು ಹೇಳಿದ್ದು ಇವತ್ತಲ್ಲ. ಆ ಅಂಗಡಿಯಲ್ಲಿ ಒಂದು ದಿನ ಮೊದಲೇ ಹೇಳಬೇಕು. ನಿನ್ನೆಯೇ ಅವರು ಅವಳ ಪರವಾಗಿ ನಿರ್ಧರಿಸಿ ಆಗಿತ್ತು. ಒಳ್ಳೆಯ ಮನಸ್ಸಿನಿಂದಲೇ. ಅವರೆಲ್ಲರದ್ದೂ ಒಳ್ಳೆಯ ಮನಸ್ಸು.

ಅವಳು ನೇರವಾಗಿ ವಿಮಾನದ ಕಡೆ ನಡೆದು ಎಡ ರೆಕ್ಕೆಯ ಕೆಳಗೆ ನಿಂತಳು. ಇಲ್ಲಿ ಹಲಗೆ ಬೇಕಿರಲಿಲ್ಲ, ಕತ್ತು ಎತ್ತಿದರೆ ಸಾಕಿತ್ತು. ಎರಡು ವರ್ಷದಿಂದ, ಪ್ರತಿ ಪಾಠದ ಮೊದಲು, ಅವಳು ಇಲ್ಲಿ ಹೀಗೇ ನಿಂತಿದ್ದಳು, ಕೈಯಲ್ಲಿ ಪ್ಲಾಸ್ಟಿಕ್ ಹಾಕಿದ ತಪಾಸಣೆಯ ಪಟ್ಟಿ ಹಿಡಿದು. 'ರೆಕ್ಕೆ, ಕೆಳಭಾಗ.' ಜೋರಾಗಿ ಓದುತ್ತಿದ್ದಳು. ನಂತರ ಜೋರಾಗಿಯೇ "ನೋಡಿದೆ" ಎನ್ನುತ್ತಿದ್ದಳು. ಡೆಲ್ಮರ್ ಹಾಗೆಯೇ ಕಲಿಸಿದ್ದ, ಗಟ್ಟಿಯಾಗಿ ಹೇಳಬೇಕು ಎಂದು.

ಮುಚ್ಚಳಗಳು ನುಣ್ಣಗಿದ್ದವು. ಸ್ಕ್ರೂಗಳ ತಲೆಯ ಮೇಲೆ, ಸೀಳುಗಳ ಒಳಗೆ, ಮುಚ್ಚಳದ ಅಂಚಿನ ಸುತ್ತ, ಬಿಳಿ ಬಣ್ಣ ಒಂದೇ ಪದರವಾಗಿ ಹಾಲಿನ ಕೆನೆಯಂತೆ ಕೂತಿತ್ತು. ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ. ಒಳ್ಳೆಯ ಕೆಲಸ. ಬಳಿದವನಿಗೆ ಕೈ ಇತ್ತು.

ಅವಳು ತನ್ನ ಟ್ರಕ್ಕಿಗೆ ಹೋಗಿ ಬಣ್ಣ ಕೆರೆಯುವ ತೆಳ್ಳನೆಯ ಚಾಕು, ಸ್ಕ್ರೂಡ್ರೈವರ್, ಟಾರ್ಚು ತಂದಳು.

"ಏನು ಮಾಡ್ತಿದೀಯಮ್ಮಾ?" ಡೆಲ್ಮರ್ ಹತ್ತಿರ ಬಂದ.

"ಒಂದು ಮುಚ್ಚಳ ತೆಗೀತೀನಿ."

"ಅಯ್ಯೋ ಬಿಡು. ಬಣ್ಣ ಹಾಳಾಗುತ್ತೆ."

ಆ ಮಾತು ಆಡಿದ ಮೇಲೆ ಅದು ಅವನ ಕಿವಿಗೂ ಬಿತ್ತು.

"ಅದು ಮನೆ ಕಿಟಕಿ ಅಲ್ಲ ಕಣಮ್ಮ ಮಾರ್ಲಿಸ್," ಎಂದು ಹರ್ಷೆಲ್ ಕುರ್ಚಿಯಿಂದಲೇ ಕೂಗಿದ. ಯಾರೂ ನಗಲಿಲ್ಲ.

ಅವಳು ಚಾಕುವಿನ ತುದಿಯಿಂದ ಪ್ರತಿ ಸ್ಕ್ರೂವಿನ ಸುತ್ತ ಗೀರಿದಳು, ಸೀಳುಗಳನ್ನು ಕೆರೆದಳು. ಬಣ್ಣ ಮೊಟ್ಟೆಯ ಸಿಪ್ಪೆಯಂತೆ ಚೂರುಚೂರಾಗಿ ಅವಳ ಮುಖದ ಮೇಲೆ ಉದುರಿತು. ಮೊದಲ ಸ್ಕ್ರೂ ಜಗ್ಗಲಿಲ್ಲ. ಎರಡೂ ಕೈ ಹಾಕಿ ತಿರುಗಿಸಿದಾಗ ಕಿರ್ ಎಂದು ಸಡಿಲವಾಯಿತು. ಕೊನೆಯದು ಬಿಚ್ಚಿದಾಗ ಮುಚ್ಚಳದ ಜೊತೆ ಒಣಹುಲ್ಲು, ಹತ್ತಿಯಂಥದ್ದು, ಕಪ್ಪು ಹಿಕ್ಕೆಗಳು ಸುರಿದವು. ಇಲಿ ಉಚ್ಚೆಯ ಹಳೆಯ ನಾತ ಬಂತು.

ಟಾರ್ಚು ಬಿಟ್ಟಳು. ಒಳಗಿನ ತಗಡು ಬೂಷ್ಟು ಹಿಡಿದ ರೊಟ್ಟಿಯಂತೆ ಬಿಳಿಯ ಪುಡಿ ಕಾರಿತ್ತು. ಉಕ್ಕಿನ ಹಗ್ಗ ರಾಟೆಯ ಮೇಲೆ ಹಾದುಹೋಗುವಲ್ಲಿ ಎಳೆಗಳು ತುಂಡಾಗಿ ಮೇಲೆದ್ದಿದ್ದವು. ಎಣಿಸಲು ಹೋಗಿ ಆರಕ್ಕೆ ನಿಲ್ಲಿಸಿದಳು.

"ನೋಡಿ," ಎಂದು ಟಾರ್ಚನ್ನು ಡೆಲ್ಮರನ ಕಡೆ ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ. "ಫ್ರಿಟ್ಜ್ ಒಳ್ಳೆಯವನಮ್ಮಾ. ನಲವತ್ತು ವರ್ಷದ ಗೆಳೆತನ. ಅವನ ಮೇಲೆ ನಾನು…"

"ನಿಮಗೆ ಗೊತ್ತಿತ್ತಾ?"

"ಹಾರ್ತಿತ್ತಲ್ಲ. ಚೆನ್ನಾಗಿ ಹಾರ್ತಿರೋದನ್ನ ಯಾಕೆ ಬಿಚ್ಚೋದು ಅಂತ ಅವನೂ ಅಂದ. ಸಣ್ಣ ಊರು, ಎಲ್ಲ ಕಡೆ ಹೀಗೇನೇ ನಡೆಯೋದು." ಅವನ ಕೈಯಲ್ಲಿ ಒದ್ದೆ ಬಟ್ಟೆ ಇನ್ನೂ ಇತ್ತು. ಅದನ್ನು ಹಿಂಡಿದ. ನೀರು ಬರಲಿಲ್ಲ. "ನಾನೂ ಅದ್ರಲ್ಲೇ ಕೂತಿರ್ತಿದ್ನಲ್ಲಮ್ಮಾ. ನಿನ್ನ ಪಕ್ಕದಲ್ಲೇ. ನಿನ್ನೊಬ್ಬಳನ್ನೇ ಏನೂ ಕಳಿಸ್ಲಿಲ್ಲ."

"ಒಬ್ಬಳನ್ನೇ ಕಳಿಸಿದ್ರಿ," ಎಂದಳು. "ಹೋದ ಅಕ್ಟೋಬರ್‌ನಲ್ಲಿ. ಮೂರು ಸುತ್ತು. ಇವರೆಲ್ಲ ಚಪ್ಪಾಳೆ ತಟ್ಟಿದ್ರು."

ಕುರ್ಚಿಗಳಲ್ಲಿದ್ದ ಮೂವರಲ್ಲಿ ಒಬ್ಬ, ವಿಮಾನ ಇದ್ದದ್ದೇ ಸುಳ್ಳು ಎನಿಸಿಕೊಂಡವನು, ಮೆಲ್ಲಗೆ ಕೇಳಿದ, "ಕೇಕ್ ಕತ್ತರಿಸೋಣ್ವಾ ಹಾಗಾದ್ರೆ? ಬಿಸಿಲಿಗೆ ಕರಗ್ತಿದೆ."

ಮಾರ್ಲಿಸ್‌ಗೆ ನಗು ಬಂತು. ಎರಡು ವರ್ಷದಲ್ಲಿ ಮೊದಲ ಸಲ, ಅದೂ ಇಂಥ ಮಾತಿಗೆ. ಇವರನ್ನು ದ್ವೇಷಿಸಲು ಬೇಕಾದಷ್ಟು ಅಲ್ಲಿ ಏನೂ ಇರಲಿಲ್ಲ. ಸಕ್ಕರೆ ಪುಡಿ, ಮಡಚುವ ಕುರ್ಚಿ, ಒಳ್ಳೆಯ ಮನಸ್ಸು, ಅಷ್ಟೇ. ಅವಳ ಮನಸ್ಸಿನಲ್ಲಿ ನಿಂತದ್ದು ಬೇರೊಂದು ಮುಖ: ಪಟ್ಟಿ ಹಿಡಿದು, ಕತ್ತೆತ್ತಿ, ಗಟ್ಟಿಯಾಗಿ "ನೋಡಿದೆ" ಎನ್ನುವ ಹೆಂಗಸಿನದು. ಬಣ್ಣದ ಕೆಲಸದವಳು. ಅವಳಿಗಂತೂ ಕ್ಷಮೆಯೇ ಇರಲಿಲ್ಲ.

ಮುಚ್ಚಳವನ್ನು ಮತ್ತೆ ಹಾಕಲಿಲ್ಲ. ಸ್ಕ್ರೂಗಳ ಸಮೇತ ಅದನ್ನು ಪೈಲಟ್ ಸೀಟಿನ ಮೇಲೆ, ಕೂರಲು ಬಂದವರು ಎತ್ತಿಡಲೇಬೇಕಾದ ಜಾಗದಲ್ಲಿ ಇಟ್ಟಳು. ಆಮೇಲೆ ಹ್ಯಾಂಗರಿನ ಕಚೇರಿಯೊಳಗೆ ಹೋದಳು. ಅಲ್ಲಿನ ಗೋಡೆಯ ತುಂಬ ಅಂಗಿಗಳ ಬೆನ್ನಿನ ತುಂಡುಗಳು. ಮೊದಲ ಸಲ ಒಬ್ಬರೇ ಹಾರಿ ಇಳಿದವರ ಅಂಗಿಯ ಬೆನ್ನನ್ನು ಮೇಷ್ಟ್ರು ಕತ್ತರಿಯಿಂದ ಕತ್ತರಿಸಿ, ಹೆಸರು ತಾರೀಖು ಬರೆದು ಗೋಡೆಗೆ ಚುಚ್ಚುವುದು ರೂಢಿ. ಡೆಲ್ಮರ್ ನಲವತ್ತು ವರ್ಷದಿಂದ ಕತ್ತರಿಸುತ್ತ ಬಂದಿದ್ದ. ಅವಳದ್ದು ಬಾಗಿಲ ಪಕ್ಕದಲ್ಲಿತ್ತು, ಕೆಲಸದ ನೀಲಿ ಅಂಗಿಯದು, ಅದರ ಮೇಲೆ ಯಾರದೋ ವರಾಂಡದ ಬಿಳಿ ಬಣ್ಣದ ಹನಿಗಳು.

ಅವಳು ಪಿನ್ನು ಕಿತ್ತಳು.

"ಅದನ್ನ ಯಾರೂ ತೆಗೆಯಲ್ಲಮ್ಮ," ಎಂದ ಡೆಲ್ಮರ್ ಬಾಗಿಲಲ್ಲಿ. ಅವನ ದನಿ ಈಗ ಮುದುಕನದಾಗಿತ್ತು. "ಇಷ್ಟು ವರ್ಷದಲ್ಲಿ ಒಬ್ಬರೂ ತೆಗೆದಿಲ್ಲ. ಸತ್ತೋರದ್ದೂ ಇವೆ ಅಲ್ಲಿ."

"ಇರ್ಲಿ," ಎಂದಳು. ತುಂಡನ್ನು ಮಡಿಸಿ ಪ್ಯಾಂಟಿನ ಜೇಬಿಗಿಟ್ಟುಕೊಂಡಳು. ಪಿನ್ನನ್ನು ಅವನ ಅಂಗೈಯಲ್ಲಿಟ್ಟಳು. ಜಾಕೆಟ್ ಹಾಕಿಕೊಳ್ಳಲು ಹೇಳಿದ ಮನುಷ್ಯ ಇವನೇ. ಅದನ್ನು ಅಲ್ಲವೆನ್ನಲು ಅವಳಿಗೆ ಆಗಲಿಲ್ಲ. ಆದರೆ ಅವನ ಮುಖ ನೋಡದೆ ಪಕ್ಕದಿಂದ ಹಾದುಹೋಗಲು ಆಯಿತು.

ಟ್ರಕ್ಕು ತಿರುಗಿಸುವಾಗ ಕನ್ನಡಿಯಲ್ಲಿ ಕಂಡಿತು: ಹರ್ಷೆಲ್ ಪ್ಲಾಸ್ಟಿಕ್ ಚಾಕು ಹಿಡಿದು ಕೇಕಿನ ನಾಲ್ಕನೆಯ ಎಂಜಿನ್ ಕತ್ತರಿಸುತ್ತಿದ್ದ.

ಸೋಮವಾರ ಮಧ್ಯಾಹ್ನ ಸ್ವೊಬೊಡಾ ಅದೇ ಡ್ರಮ್ಮಿನ ಮೇಲೆ ಕೂತಿದ್ದ. ಈ ಸಲ ಡಬ್ಬಿಯಲ್ಲಿ ಬೀನ್ಸ್.

"ಬಂದ್ಯಾ."

"ಬಂದೆ."

"ಎಷ್ಟು ಬಿಚ್ಚಿದೆ?"

"ಒಂದು."

"ಒಂದೇನಾ?"

"ಒಂದೇ ಸಾಕಾಯ್ತು."

ಅವನು ಏನಿತ್ತು ಎಂದು ಕೇಳಲಿಲ್ಲ. ಬೀನ್ಸ್ ಮುಗಿಸಿ, ಚಮಚ ನೆಕ್ಕಿ ಜೇಬಿಗಿಟ್ಟುಕೊಂಡು ಎದ್ದ. ಚಕ್ರದ ಹಲಗೆಯನ್ನು ಕಾಲಿನಲ್ಲಿ ನೂಕಿದ. ಅದರ ಮೇಲೆ ಖಾಲಿ ಕಾಫಿ ಡಬ್ಬವೊಂದನ್ನು ಇಟ್ಟ.

"ನನ್ನ ಪುಸ್ತಕ ಓದಿ ಒಳ್ಳೆಯವನು ಅಂದ್ಕೊಂಡು ಬಂದಿದ್ರೆ ನೀನು ಅದೇ ಪೆದ್ದಿ," ಎಂದ. "ನನ್ನದನ್ನೂ ನಂಬಬೇಡ. ಎಡದಿಂದ ಶುರು ಮಾಡು. ಎಲ್ಲಾ ಬಿಚ್ಚು, ಎಲ್ಲಾ ನೋಡು, ಎಲ್ಲಾ ಮುಚ್ಚು. ಸಂಜೆ ಆಗುತ್ತೆ. ಆಮೇಲೂ ಬೇಕು ಅನ್ನಿಸಿದ್ರೆ ಮಾತಾಡೋಣ. ಮೂರನೇದ್ರಲ್ಲಿ ಕಣಜ ಇರ್ಬಹುದು."

"ಕಚ್ಚುತ್ತಾ?"

"ಮತ್ತೇನು ಮುದ್ದು ಮಾಡುತ್ತಾ?" ಅವನು ಬೆಂಚಿನ ಮೇಲೆ ಹುಡುಕಾಡಿದ. "ಒಳಗೆಲ್ಲ ಜಿಡ್ಡು. ಒರೆಸೋಕೆ ಬಟ್ಟೆ ಬೇಕು. ಇಲ್ಲೆಲ್ಲೋ ಇತ್ತು."

"ನನ್ನ ಹತ್ರ ಇದೆ."

ಅವಳು ಜೇಬಿನಿಂದ ನೀಲಿ ತುಂಡು ತೆಗೆದಳು. ಸ್ವೊಬೊಡಾ ಅದರ ಮೇಲಿನ ಹೆಸರು, ತಾರೀಖು ನೋಡಿದ. ಅದು ಏನೆಂದು ಅವನಿಗೆ ತಿಳಿಯದೆ ಇರಲು ಸಾಧ್ಯವಿರಲಿಲ್ಲ. ಎರಡು ಬೆರಳಿನಲ್ಲಿ ಅದರ ಅಂಚನ್ನು ಹಿಡಿದು ಉಜ್ಜಿದ.

"ಹತ್ತೀದಾ?"

"ಹೌದು."

"ಸರಿ. ಚೆನ್ನಾಗಿ ಹೀರುತ್ತೆ."

ಅವಳು ಬೆನ್ನು ಕೊಟ್ಟು ರೆಕ್ಕೆಯ ಕೆಳಗೆ ಸರಿದಳು. ಮೊದಲ ಸ್ಕ್ರೂ ಹಗುರವಾಗಿ ತಿರುಗಿತು, ಬೆರಳಿಗೆ ಬಂತು. ಅದನ್ನು ಬಟ್ಟೆಯಲ್ಲಿ ಒರೆಸಿ ಡಬ್ಬಕ್ಕೆ ಹಾಕಿದಳು. ಟಣ್ ಎಂದಿತು. ಹೊರಗೆ ಬೂಟುಗಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದವು, ನಂತರ ಒಂದು ಕಾಲನ್ನು ಎಳೆಯುತ್ತ ಹೊರಟವು. ಎರಡನೆಯದನ್ನು ಹಾಕಿದಳು, ಮೂರನೆಯದನ್ನು ಹಾಕಿದಳು. ತಾರೀಖಿನ ಮೇಲೆ ಗ್ರೀಸು ಹರಡುತ್ತಿತ್ತು. ಡಬ್ಬದ ತಳ ತುಂಬುತ್ತ ಬಂದಂತೆ ಸದ್ದು ಮೆತ್ತಗಾಯಿತು.